ಹೊಟ್ಟೆಯ ಬೂಷ್ಟು ಮತ್ತು ಬೀಗರ ಉಗ್ರಾಣ

ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ ನಿಂತು "ಹೊಟ್ಟೆ ಒಳಗೆ, ಎದೆ ಮುಂದೆ!" ಎಂದು ಮಕ್ಕಳಿಗೆ ಗದರಿದ ವ್ಯಾಯಾಮದ ಮೇಷ್ಟ್ರು ನಾನು, ಮಿಲುನ್. ಅಂಥವನ ಹೊಟ್ಟೆಯೇ ಎದೆಯನ್ನು ಹಿಂದೆ ಹಾಕಿ ಮುಂದೆ ಬಂದು ನಿಂತರೆ ಮಾನ ಉಳಿಯುತ್ತದೆಯೇ? ಏನು ತಿಂದರೂ ಉಬ್ಬರ, ತೇಗು, ಗುಡುಗುಡು. ಕೊನೆಗೆ ಡಾಕ್ಟರು ಬಾಯಿಯಿಂದ ಕೊಳವೆ ಇಳಿಸಿ, ಸಣ್ಣಕರುಳಿನ ರಸ ತೆಗೆದು ಪರೀಕ್ಷಿಸಿ, ಅಲ್ಲಿ ಶಿಲೀಂಧ್ರ ಮಿತಿಮೀರಿ ಬೆಳೆದಿದೆ ಎಂದರು. ಮೂರು ವಾರ ಮಾತ್ರೆ. ಅಲ್ಲಿಯತನಕ ಸಕ್ಕರೆ, ಯೀಸ್ಟ್ ಹಾಕಿದ ರೊಟ್ಟಿ, ಮದ್ಯ ಮೂರೂ ಬಂದ್.

"ಮೂರು ವಾರ ಏನು, ಮೂರು ತಿಂಗಳು ಬೇಕಾದ್ರೂ ಇರ್ತೀನಿ. ಈ ಮಿಲುನ್ ಬೇಡ ಅಂದ್ರೆ ಬೇಡ!" ಎಂದು ಊಟದ ಮೇಜು ಗುದ್ದಿದೆ.

ಹೆಂಡತಿ ಸ್ಮಿಲ್ಕಾ ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. ತಿರುಗಿಯೂ ನೋಡದೆ, "ಬೂಷ್ಟು ಬಂದಿರೋದು ಹೊಟ್ಟೆಗೆ. ನಾಲಿಗೆಗೆ ಇನ್ನೂ ಏನೂ ಆಗಿಲ್ವಲ್ಲ," ಎಂದಳು.

ಎರಡನೆಯ ವಾರವೇ ಸಂಕಟ ಬಂತು. ಮಗಳು ನೆವೆನಾ ಮೆಚ್ಚಿದ ಹುಡುಗನ ಅಪ್ಪ ಅಮ್ಮ, ವುಕೋಯೆ ಮತ್ತು ರೋಸಂದಾ, ಭಾನುವಾರದ ಊಟಕ್ಕೆ ಕರೆದರು. ಅವರದು ಚಾಚಕ್ ಪಟ್ಟಣದ ಪಕ್ಕದ ಹಳ್ಳಿ. ಮೊದಲ ಭೇಟಿ. ಮದುವೆಯ ದಿನ ಗೊತ್ತುಮಾಡುವುದೂ ಅಲ್ಲಿಯೇ. ನಮ್ಮಲ್ಲಿ ಹೊಸ ನೆಂಟರಿಗೆ ಹೊಸ್ತಿಲಲ್ಲಿ ರೊಟ್ಟಿ-ಉಪ್ಪು. ಕೂತ ಕೂಡಲೇ ಸ್ಲಾಟ್ಕೊ, ಎಂದರೆ ಸಕ್ಕರೆ ಪಾಕದಲ್ಲಿ ಬೇಯಿಸಿದ ಹಣ್ಣು, ತಲೆಗೊಂದು ಚಮಚ. ಅದರ ಹಿಂದೆಯೇ ಪ್ಲಮ್ ಹಣ್ಣಿನ ಮದ್ಯ, ರಾಕಿಯಾ. ಒಂದನ್ನು ಬೇಡ ಎಂದರೂ ಆ ಮನೆಯನ್ನೇ ಬೇಡ ಎಂದ ಹಾಗೆ. ನೋಡಿದರೆ ಡಾಕ್ಟರ ಪಟ್ಟಿಯಲ್ಲಿ ಇರುವುದೂ ಅವೇ ಮೂರು!

ಕಾಯಿಲೆಯ ವಿಷಯ ಮೊದಲೇ ತಿಳಿಸಿಬಿಡೋಣ ಎಂದಳು ಸ್ಮಿಲ್ಕಾ. ನಾನು ಉರಿದುಬಿದ್ದೆ. ಕರುಳಲ್ಲಿ ಬೂಷ್ಟು ಬೆಳೆಸಿಕೊಂಡವನ ಮಗಳನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಒಂದಕ್ಷರ ಹೊರಗೆ ಹೋಗಕೂಡದು ಎಂದು ಆಜ್ಞೆ ಹೊರಡಿಸಿದೆ. ಕಾರಿನಲ್ಲಿ ಅವಳು ಮೂರು ಸಲ "ಅಲ್ಲಿ ಊಟದ ವಿಷ್ಯ..." ಎಂದು ಬಾಯಿ ತೆರೆದಳು. ಮೂರು ಸಲವೂ ಸಂಜೆಯತನಕ ಹೊಟ್ಟೆಯ ಸುದ್ದಿ ಎತ್ತಬೇಡ ಎಂದು ಬಾಯಿ ಮುಚ್ಚಿಸಿದೆ.

"ಅಪ್ಪಾ, ಇವತ್ತೊಂದು ದಿನ ಮೇಷ್ಟ್ರಗಿರಿ ಬಿಟ್ಟು ಸುಮ್ನೆ ಅಪ್ಪ ಆಗಿರು," ಎಂದಳು ಹಿಂದಿನ ಸೀಟಿನಿಂದ ನೆವೆನಾ.

ಹೊಟ್ಟೆ ಸದ್ದು ಮಾಡದಿರಲಿ ಎಂದು ಹಿಂದಿನ ಸಂಜೆಯಿಂದ ನಾನು ಏನೂ ತಿಂದಿರಲಿಲ್ಲ. ಅದಕ್ಕೆ ಅದು ಇನ್ನಷ್ಟು ಸದ್ದು ಮಾಡುತ್ತಿತ್ತು.

ಹೊಸ್ತಿಲಲ್ಲಿ ರೋಸಂದಾ ಕಸೂತಿ ಬಟ್ಟೆಯ ಮೇಲೆ ರೊಟ್ಟಿ ಹಿಡಿದು ನಿಂತಿದ್ದರು. ಒಂದು ತುಂಡು ಮುರಿದೆ, ಉಪ್ಪಿಗೆ ತಾಗಿಸಿದೆ, ಹಣೆಗೆ ಮುಟ್ಟಿಸಿದೆ, ಅಲ್ಲಿಂದ ಸೀದಾ ಕೋಟಿನ ಜೇಬಿಗೆ! ಕೂತ ಮೇಲೆ ಸ್ಲಾಟ್ಕೊ ತಟ್ಟೆ ಬಂತು. ನನ್ನ ಮುಂದೆ ಬೇರೆಯೇ ಬಟ್ಟಲು ಇಟ್ಟರು. ಎಂಥ ಮರ್ಯಾದೆ ಎಂದುಕೊಂಡು ಚಮಚ ಎತ್ತಿದೆ. "ಆ ಪ್ಲಮ್ ತೋಟ ನಿಮ್ಮದೇನಾ?" ಎಂದೆ. ಎಲ್ಲರೂ ಕಿಟಕಿಯತ್ತ ತಿರುಗುವಷ್ಟರಲ್ಲಿ ಚಮಚ ಜೇಬಿನ ಕರವಸ್ತ್ರದಲ್ಲಿ ಖಾಲಿಯಾಗಿತ್ತು. ಪಾಕವಾದರೂ ಕೈಗೆ ಅಂಟು ಹತ್ತಲಿಲ್ಲವಲ್ಲ ಎಂಬುದು ಆಗ ಹೊಳೆಯಲಿಲ್ಲ. ರಾಕಿಯಾವನ್ನೂ ವುಕೋಯೆ ನನಗೆಂದೇ ಬೇರೆ ಬಾಟಲಿಯಿಂದ ಬಗ್ಗಿಸಿದರು. ಉಸಿರು ಬಿಗಿಹಿಡಿದು ತುಟಿಗೆ ತಾಗಿಸಿದ ಹಾಗೆ ಮಾಡಿ ಪಕ್ಕದ ಹೂಕುಂಡಕ್ಕೆ ಸುರಿದೆ. ಎರಡನೆಯದೂ ಅಲ್ಲಿಗೇ ಹೋಯಿತು. ಗೆದ್ದೆ ಎಂದು ಮೀಸೆ ತಿರುವಿದೆ.

ಅಂಗಳದಲ್ಲಿ ಹಂದಿಮಾಂಸ ಇನ್ನೂ ಬೇಯುತ್ತಿತ್ತು. ನನಗೆ ಕೂರಲು ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಎದ್ದವನಿಗೆ ಎದುರಾದದ್ದು ಉಗ್ರಾಣದ ಅರೆತೆರೆದ ಬಾಗಿಲು. ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬ್ಬಿ. ಒಳಗೆ ನಡುವೆ ಜಾಮ್ ಹಚ್ಚಿ ಸಕ್ಕರೆಪುಡಿ ಹೊದಿಸಿದ ಪುಟ್ಟ ಬಿಸ್ಕತ್ತುಗಳು. ಒಂದೇ ಒಂದು ಎಂದುಕೊಂಡೆ. ಒಂಬತ್ತರ ಮೇಲೆ ಎಣಿಸುವುದನ್ನು ಬಿಟ್ಟೆ.

ವಾಪಸು ಬಂದು ಕೂತಾಗ ಎಲ್ಲರೂ ನನ್ನ ಮುಖವನ್ನೇ ನೋಡಿ ಸುಮ್ಮನಾದರು. ಮೇಷ್ಟ್ರು ಎಂಬ ಗೌರವ ಇರಬೇಕು! ಮಾತು ಮದುವೆಯ ದಿನಕ್ಕೆ ಬಂತು. ಸೆಪ್ಟೆಂಬರ್ ಕೊನೆಯ ಶನಿವಾರ ಆಗಬಹುದೇ ಎಂದು ವುಕೋಯೆ ಕೇಳಿದರು. ನಾನು ಉತ್ತರಿಸುವ ಮೊದಲೇ ಹೊಟ್ಟೆ ಉತ್ತರಿಸಿತು. ಸಣ್ಣ ಸದ್ದಲ್ಲ, ಗೋಡೆಯ ಮೇಲಿನ ಸಂತರ ಪಟವೇ ಅಲುಗಿದಂತಾಯಿತು. ಪ್ಯಾಂಟಿನ ಗುಂಡಿ ಕಿತ್ತು ತಟ್ಟೆಗೆ ಬಡಿಯಿತು. ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿದೆ.

ಎಷ್ಟು ಹೊತ್ತು ಅಲ್ಲಿದ್ದೆನೋ ಹೇಳುವುದಿಲ್ಲ. ಹೊರಡುವಾಗ ಕನ್ನಡಿ ನೋಡಿಕೊಂಡೆ. ಮೀಸೆ ಪೂರ್ತಿ ಬೆಳ್ಳಗೆ, ಸಕ್ಕರೆಪುಡಿ!

ಹೊರಗೆ ಬಂದರೆ ನೆವೆನಾ ತಲೆ ತಗ್ಗಿಸಿ ಕೂತಿದ್ದಳು. ಕಿವಿ ಕೆಂಪಾಗಿದ್ದವು. ಅದನ್ನು ನೋಡಿ ನನ್ನ ಜಂಬವೆಲ್ಲ ಇಳಿದುಹೋಯಿತು. ಜೇಬಿನಿಂದ ರೊಟ್ಟಿ ತುಂಡನ್ನೂ ಒದ್ದೆ ಕರವಸ್ತ್ರವನ್ನೂ ತೆಗೆದು ಮೇಜಿನ ಮೇಲಿಟ್ಟೆ. ಕಾಯಿಲೆ, ಹೂಕುಂಡ, ಡಬ್ಬಿ ಎಲ್ಲವನ್ನೂ ಒಪ್ಪಿಕೊಂಡೆ.

"ತಪ್ಪು ನಂದು. ಇದನ್ನ ನನ್ನ ಮಗಳ ಮೇಲೆ ಹಾಕಬೇಡಿ," ಎಂದೆ.

ರೋಸಂದಾ ಸೆರಗಿನಂತೆ ಏಪ್ರನ್ ಎತ್ತಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರು.

"ಬೀಗರೇ, ಸ್ಮಿಲ್ಕಾ ನಾಲ್ಕು ದಿನದ ಹಿಂದೇನೇ ಫೋನ್ ಮಾಡಿ ಎಲ್ಲಾ ಹೇಳಿದ್ರು. ಆ ರೊಟ್ಟಿಗೆ ಯೀಸ್ಟ್ ಹಾಕಿಲ್ಲ, ಬರೀ ಸೋಡಾ. ನಿಮ್ಮ ಬಟ್ಟಲಲ್ಲಿ ಇದ್ದದ್ದು ನಿಂಬೆರಸದಲ್ಲಿ ಬೇಯಿಸಿದ ಕಲ್ಲಂಗಡಿ ಸಿಪ್ಪೆ. ನಿಮ್ಮ ಬಾಟಲಿಲಿ ಬಾವಿ ನೀರು. ನಮ್ಮ ಸ್ಲಾಟ್ಕೊ ಬಿಟ್ರೆ ಈ ಮನೇಲಿ ಸಿಹಿ ಅಂತ ಉಳಿದಿದ್ದು ಆ ಡಬ್ಬಿ ಒಂದೇ. ನಿಮ್ಮ ಕಣ್ಣಿಗೆ ಬೀಳದಿರ್ಲಿ ಅಂತ ಮೇಲಿನ ಹಲಗೇಲಿ ಅಡಗಿಸಿಟ್ಟಿದ್ದೆ."

ನಾನು ಸ್ಮಿಲ್ಕಾಳತ್ತ ತಿರುಗಿದೆ. "ಕಾರಲ್ಲಿ ಮೂರು ಸಲ ಹೇಳೋಕೆ ಬಂದೆ," ಎಂದು ಅವಳು ಸಲಾಡ್ ಬಡಿಸಿಕೊಂಡಳು.

ವುಕೋಯೆ ಹೂಕುಂಡ ನೋಡಿ, ಎರಡು ದಿನದಿಂದ ಅದಕ್ಕೆ ನೀರು ಹಾಕುವುದನ್ನು ಮರೆತಿದ್ದೆವು, ಉಪಕಾರವಾಯಿತು ಎಂದರು. ಸೆಪ್ಟೆಂಬರ್ ಕೊನೆಯ ಶನಿವಾರವೇ ಗಟ್ಟಿಯಾಯಿತು. ನೆವೆನಾ ಮುಖ ಎತ್ತಿ ನಕ್ಕಳು. ನನಗೂ ಜೀವ ಬಂತು.

ಈಗ ಮದುವೆಯೂ ಮುಗಿದಿದೆ, ಬೂಷ್ಟೂ ಹೋಗಿದೆ. ಆದರೂ ನಾವು ಬೀಗರ ಮನೆಗೆ ಹೋಗಿ ಬಾಗಿಲು ತಟ್ಟಿದರೆ ತೆರೆಯಲು ಸ್ವಲ್ಪ ತಡವಾಗುತ್ತದೆ. ರೋಸಂದಾ ಮೊದಲು ಉಗ್ರಾಣಕ್ಕೆ ಬೀಗ ಹಾಕಿ ಬರಬೇಕಲ್ಲ.