ಬನ್ನಿ ಅಂದರೆ ಬೆಳೆಯುವ ಗಾಡಿ

ಒಂದೂರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನಿಗೆ ಹದಿನೈದೂವರೆ ಅಡಿ ಉದ್ದದ ಪೋರ್ಟಿಕೋ ಇತ್ತಂತೆ. ರಾಣಿಗೆ ಬಂಧುಬಳಗ ಬಹಳವಂತೆ. ಹೀಗೆ ಶುರು ಮಾಡಿದರೆ ಇದು ನಮ್ಮಜ್ಜಿ ಹೇಳುವ ಏಳು ಸಮುದ್ರದಾಚೆಯ ಕತೆ ಅನ್ನಿಸಬಹುದು. ಆದರೆ ಊರು ನಮ್ಮ ತಿಪಟೂರು, ರಾಜ ನಮ್ಮಪ್ಪ, ರಾಣಿ ನಮ್ಮಮ್ಮ. ಆ ರಾಜ್ಯದಲ್ಲಿ ನಾಲ್ಕು ತಿಂಗಳಿನಿಂದ ಯುದ್ಧ ನಡೆದಿತ್ತು.

ಶೋರೂಮಿನಲ್ಲಿ ಒಂದೇ ಎಸ್‌ಯುವಿ ಎರಡು ಅಳತೆಯಲ್ಲಿ ಸಿಗುತ್ತಿತ್ತು. ಏಳು ಸೀಟಿನ ಗಿಡ್ಡದ್ದು, ಹತ್ತು ಸೀಟಿನ ಉದ್ದದ್ದು.

"ಉದ್ದದ್ದು ತಂದ್ರೆ ಗಾಡಿ ಮೂತಿ ರಸ್ತೇಲಿರುತ್ತೆ," ಎಂದರು ಅಪ್ಪ.

"ಗಿಡ್ಡದ್ದು ತಂದ್ರೆ ಬೀಗರು ರಸ್ತೇಲಿರ್ತಾರೆ!" ಎಂದಳು ಅಮ್ಮ.

ಮಧ್ಯದಲ್ಲಿ ಸಿಕ್ಕಿಬಿದ್ದವಳು ನಮ್ಮ ಹೇಮಕ್ಕ. ಅವಳ ಮಗ ಪಾಪು ಹುಟ್ಟಿದಾಗ ಅಜ್ಜಿ ಗುಂಡು ರಂಗಸ್ವಾಮಿಗೆ ಹರಕೆ ಹೊತ್ತಿದ್ದಳು: ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಬಂದು ಮಗುವಿನ ಮುಡಿ ಕೊಡುತ್ತೇವೆ ಅಂತ. ಬೀಗರೂ ಸೇರಿದರೆ ನಾವು ಒಂಬತ್ತೂವರೆ ಜನ. ಮೂರು ವರ್ಷ ತುಂಬುವುದರೊಳಗೆ ಮುಡಿ ಆಗಬೇಕು, ತಪ್ಪಿದರೆ ಐದಕ್ಕೆ. ಪಾಪುವಿನ ಕೂದಲು ಮೂಗಿನವರೆಗೆ ಇಳಿದು, ಅವನು ದಿನಕ್ಕೆರಡು ಸಲ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ. ಹೇಮಕ್ಕ ಅವನ ಹಣೆಯ ಬೋರೆ ನೀವುತ್ತಾ ಅಳುತ್ತಿದ್ದಳು. ಇನ್ನೆಂಟು ದಿನ ಕಳೆದರೆ ಅವನಿಗೆ ಮೂರು ತುಂಬುತ್ತಿತ್ತು!

ಅಷ್ಟರಲ್ಲಿ ಅಪ್ಪ ಗಿಡ್ಡದ್ದನ್ನೇ ತಂದುಬಿಟ್ಟರು. ಅಮ್ಮ ಮಾತು ಬಿಟ್ಟಳು. ಆಗ ನಮ್ಮಣ್ಣ ರಂಗಧಾಮ ಎದ್ದು ನಿಂತ.

ಪಾಪುವಿನ ಮೊದಲ ಕುಚ್ಚು ಕತ್ತರಿಸಬೇಕಾದ ಸೋದರಮಾವ ಅವನೇ. ಜೊತೆಗೆ ವಿಜ್ಞಾನಿ. ಅವನ ಹಿಂದಿನ ಸಂಶೋಧನೆ, ತಾನಾಗಿ ತೆಂಗಿನಕಾಯಿ ಸುಲಿಯುವ ಯಂತ್ರ, ಕಾಯಿ ಬಿಟ್ಟು ಪಕ್ಕದ ಮನೆಯ ನಾರಿನ ಡೋರ್‌ಮ್ಯಾಟ್ ಸುಲಿದು ಬಂದಿತ್ತು.

ಆರು ದಿನ ಪೋರ್ಟಿಕೋಗೆ ಪರದೆ ಕಟ್ಟಿಕೊಂಡು ಏನೋ ಕುಯ್ದ, ಏನೋ ಹೊಲಿದ. ಏಳನೆಯ ದಿನ, ಮುಡಿಗೆ ಉಳಿದಿದ್ದ ಕೊನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಪರದೆ ಸರಿಸಿದ.

"ಹೊಸಾ ಗಾಡೀನ ನಡುಮಧ್ಯಕ್ಕೆ ಕುಯ್ದುಬಿಟ್ಯಲ್ಲೋ!" ಅಪ್ಪ ಎದೆ ಹಿಡಿದುಕೊಂಡರು.

ಗಾಡಿಯ ಹೊಟ್ಟೆಗೆ ಹಾರ್ಮೋನಿಯಂ ತಿದಿಯಂಥದ್ದೊಂದು ನೆರಿಗೆ ಹಾಕಿದ್ದ.

"ಅಪ್ಪಾ, ಪೋರ್ಟಿಕೋದಲ್ಲಿ ಗಿಡ್ಡ, ರಸ್ತೇಲಿ ಉದ್ದ! ಯಾರನ್ನಾದ್ರೂ 'ಬನ್ನಿ' ಅಂತಲೋ 'ಬಾ' ಅಂತಲೋ ಕರೀರಿ, ಒಂದು ಸೀಟು ಎದ್ದು ಬರುತ್ತೆ, ಗಾಡಿ ಅಷ್ಟು ಮುಂದಕ್ಕೆ ಬೆಳಿಯುತ್ತೆ. ಎಲ್ಲಾ ಇಳಿದ ಮೇಲೆ ತಾನೇ ಮಡಿಸ್ಕೊಳುತ್ತೆ!"

"ಕರೆದೋರು ಬೇಡ ಅಂದ್ರೆ?" ಎಂದೆ ನಾನು.

"ಅಲ್ವೇ ನೇತ್ರಾ, ನಮ್ಮೂರಲ್ಲಿ ಕರೆದ ತಕ್ಷಣ ಯಾರೇ ಹೂಂ ಅಂತಾರೆ? ಮೂರು ಸಲ ಬೇಡ ಅಂದಮೇಲೆ ತಾನೇ ಕಾಫಿ ಲೋಟ ಮುಟ್ಟೋದು? ಅದಕ್ಕೇ 'ಬೇಡ' ಅನ್ನೋದು ಇದರ ಕಿವಿಗೆ ಬೀಳದ ಹಾಗೆ ಮಾಡಿದೀನಿ!"

ಅವನ ಈ ಬುದ್ಧಿವಂತಿಕೆಗೆ ಅಮ್ಮ ಅಲ್ಲೇ ಮಾತು ಶುರು ಮಾಡಿ, "ಬೀಗರೇ ಬನ್ನಿ, ಬೀಗಿತೀ ಬನ್ನಿ" ಎಂದಳು. ಧುಪ್, ಧುಪ್ ಅಂತ ಎರಡು ಸೀಟು ಎದ್ದವು! ಅಮ್ಮ ಗಾಡಿಗೆ ದೃಷ್ಟಿ ತೆಗೆದಳು.

ಎಲ್ಲರೂ ಹತ್ತಿದೆವು. ಅಣ್ಣ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಅಜ್ಜಿ, ಅವಳಿಗೆ ಒರಗಿಕೊಂಡು ನಾನು. ನಡುವೆ ಅಮ್ಮ, ಭಾವ, ಬೀಗರು ಮತ್ತು ಚಿತ್ರಾನ್ನದ ಡಬ್ಬಿ. ಪಾಪು ತಿಂಡಿ ತಿನ್ನಲು ಹಟ ಮಾಡಿದ್ದರಿಂದ ಹೇಮಕ್ಕ ಅವನನ್ನೆತ್ತಿಕೊಂಡು ಕೊನೆಗೆ ಹತ್ತಿದಳು, ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ. ಮೂರು ಕಿಲೋಮೀಟರ್ ದಾರಿ. ಹನ್ನೆರಡಕ್ಕೆ ದೇವಸ್ಥಾನದ ಬಾಗಿಲು ಹಾಕುತ್ತಾರೆ. ಬೇಕಾದಷ್ಟು ಹೊತ್ತಿತ್ತು.

ಎದುರು ಮನೆಯ ಪುಟ್ಟತಾಯಮ್ಮ ಗೇಟಿನಲ್ಲಿ ನಿಂತಿದ್ದರು.

"ಪಾಪು ಮುಡಿ ಕಣವ್ವಾ, ನೀನೂ ಬಾ ಹೋಗ್‌ಬರಾನ," ಎಂದಳು ಅಜ್ಜಿ, ಬಾಯಿಮಾತಿಗೆ.

"ಅಯ್ಯೋ ಬ್ಯಾಡಿ ದೊಡ್ಡಮ್ಮ, ಒಲೆ ಮೇಲೆ ಸಾರಿದೆ."

ಧುಪ್! ಸೀಟು ಎದ್ದಿತು. ಪುಟ್ಟತಾಯಮ್ಮ ಅದನ್ನೇ ನೋಡಿದರು. "ಸೀಟೇ ಹಾಕ್ಬಿಟ್ರಲ್ಲಾ, ಇನ್ನು ಬರ್ದಿದ್ರೆ ಚೆನ್ನಾಗಿರಲ್ಲ," ಎಂದು ಒಲೆ ಆರಿಸಿ, ಸೌಟು ಹಿಡಿದೇ ಹತ್ತಿದರು.

ಹೂವಿನವಳು, ಹಾಲಿನವರು, ನಿವೃತ್ತ ಮೇಷ್ಟ್ರು, ಇಸ್ತ್ರಿ ಅಂಗಡಿಯ ದಂಪತಿ. ಅಜ್ಜಿ ಒಬ್ಬರನ್ನೂ ಬಿಡಲಿಲ್ಲ. ಧುಪ್, ಧುಪ್, ಧುಪ್! ಮನೆಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ನನಗೋ, ಅಜ್ಜಿಯ ಕತೆಯ ಏಳು ಹೆಡೆಯ ಸರ್ಪದ ಮೇಲೆ ಕೂತು ಪಾತಾಳಕ್ಕೆ ಹೋಗುತ್ತಿರುವ ಹಾಗಿತ್ತು.

"ನೋಡ್ದ್ಯಾ ಎಷ್ಟು ನುಣ್ಣಗೆ ಓಡ್ತಿದೆ! ಒಂಚೂರೂ ಸದ್ದಿಲ್ಲ!" ಅಣ್ಣ ಬೀಗಿದ.

ಕೊಬ್ಬರಿ ಮಂಡಿಯ ಹತ್ತಿರ ಅಪ್ಪನ ಫೋನು ಬಂತು.

"ಲೋ ರಂಗ, ಹೊರಡೋದು ಯಾವಾಗ್ಲೋ?"

"ಹೊರಟು ಒಂದು ಗಂಟೆ ಆಯ್ತಲ್ಲಪ್ಪಾ! ಮಂಡಿ ಹತ್ರ ಇದೀವಿ."

"ಯಾವ ಮಂಡಿಯೋ? ನಾನಿನ್ನೂ ಪೋರ್ಟಿಕೋದಲ್ಲೇ ಇದೀನಿ!"

ಅಣ್ಣ ಬಗ್ಗಿ ನೋಡಿದ. ಗಾಡಿಯ ಕೀಲಿ ಅವನ ಅಂಗಿಯ ಜೇಬಿನಲ್ಲೇ ಇತ್ತು! ಅವನು ಇಂಜಿನ್ನನ್ನೇ ಶುರು ಮಾಡಿರಲಿಲ್ಲ. ನಾವು ಓಡುತ್ತಿರಲಿಲ್ಲ, ಬೆಳೆಯುತ್ತಿದ್ದೆವು.

"ಅಜ್ಜೀ, ಇನ್ನು ಯಾರನ್ನೂ ಕರೀಬೇಡ!"

"ಎದುರಿಗೆ ಬಂದೋರ್ನ ಕರೀದೆ ಹೋದ್ರೆ ಏನಂದ್ಕೊಂಡಾರು?"

"ಹಾಗಾದ್ರೆ ಇಂಜಿನ್ ಹಾಕು," ಎಂದೆ.

"ಈಗ ಎಳೆದ್ರೆ ಐದು ತಿರುವು, ಎಂಟು ಕಾಂಪೌಂಡು, ಜೊತೆಗೆ ಅಪ್ಪನ ಪೋರ್ಟಿಕೋ ಕಂಬ, ಎಲ್ಲಾ ಕಿತ್ಕೊಂಡು ಹಿಂದೇನೇ ಬರುತ್ತೆ!" ಅಣ್ಣ ತಲೆ ಕೆರೆದುಕೊಂಡ. ಗಂಟೆ ಹನ್ನೊಂದಾಗಿತ್ತು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದ, "ಬೇರೆ ದಾರಿ ಇಲ್ಲ. ಕರಿ ಅಜ್ಜೀ, ಕರಿ!"

ಅಜ್ಜಿ ಸೆರಗು ಸಿಕ್ಕಿಸಿ ಕರೆದಳು. ಮಂಡಿಯ ಹಮಾಲರನ್ನು ಕರೆದಳು, ಬ್ಯಾಂಕಿನ ಮುಂದೆ ಸಾಲು ನಿಂತವರನ್ನು ಕರೆದಳು, ಹಲ್ಲಿನ ಡಾಕ್ಟರನ್ನೂ ಬಾಯಿ ತೆರೆದುಕೊಂಡಿದ್ದ ಅವರ ರೋಗಿಯನ್ನೂ ಕರೆದಳು. ಊರು ಮುಗಿಯಿತು, ಜನ ಮುಗಿದರು. ಬಯಲಲ್ಲಿ ಒಂದು ಎಮ್ಮೆ ಮೇಯುತ್ತಿತ್ತು.

"ಬಾ ತಾಯಿ, ನೀನೂ ಬಾ," ಎಂದಳು ಅಜ್ಜಿ, ಒಣಗಿದ ಗಂಟಲಲ್ಲಿ. ಧುಪ್! ಅಗಲವಾದ ಸೀಟೊಂದು ಎದ್ದಿತು. ಎಮ್ಮೆಗೆ ನಮ್ಮಷ್ಟು ದಾಕ್ಷಿಣ್ಯವಿರಲಿಲ್ಲ, ಅದು ಬರಲಿಲ್ಲ.

ಇನ್ನೂ ಒಂದೂವರೆ ಕಿಲೋಮೀಟರ್. ಹನ್ನೊಂದೂವರೆ. ಅಜ್ಜಿಯ ಧ್ವನಿ ನಿಂತೇಹೋಯಿತು. ಗಾಡಿಯೂ ನಿಂತಿತು. ಫೋನಿನಲ್ಲಿ ಹೇಮಕ್ಕ ಬಿಕ್ಕಿದಳು. "ಇನ್ನೆರಡು ವರ್ಷ ನನ್ನ ಮಗ ಗೋಡೆಗೆ ಹಾಯ್ಕೊಂಡೇ ಇರ್ಬೇಕಾ ಅಣ್ಣಾ?"

ಆಗ ಬಂತು ನೋಡಿ, ಮೈಕ್ ಕಟ್ಟಿದ ಒಂದು ಆಟೋ! ಯಾವುದೋ ಹೊಸ ಸೀರೆ ಅಂಗಡಿಯದು. "ತಾಯಂದಿರೇ ಬನ್ನಿ! ಅಕ್ಕತಂಗಿಯರೇ ಬನ್ನಿ! ಸುತ್ತಮುತ್ತಲ ನೂರಾರು ಹಳ್ಳಿಯ ಮಹಾಜನರೇ, ಸಕುಟುಂಬ ಸಪರಿವಾರ ಸಮೇತ ಬನ್ನಿ! ಬನ್ನಿ! ಬನ್ನಿ!"

ಧುಪ್ಪಿನ ಸದ್ದು ಮಳೆಯಾಯಿತು. ಬಯಲು, ಕೆರೆ ಏರಿ, ಆಲದ ಮರ ಸರ್ರನೆ ಹಿಂದೆ ಹಾರಿದವು. ಅಣ್ಣ ಸ್ಟೀರಿಂಗಿಗೆ ಜೋತುಬಿದ್ದ. ಕಣ್ಣು ಬಿಟ್ಟಾಗ ನಮ್ಮ ಗಾಡಿಯ ಮೂತಿ ಗುಂಡು ರಂಗಸ್ವಾಮಿಯ ಮೆಟ್ಟಿಲಿಗೆ ತಾಗಿ ನಿಂತಿತ್ತು. ಕ್ಷೌರದವರು ಕತ್ತಿ ಮಸೆದುಕೊಂಡು ಕಾಯುತ್ತಿದ್ದರು. ಹನ್ನೆರಡಕ್ಕೆ ಇನ್ನು ಕಾಲು ಗಂಟೆ.

"ಕೂದ್ಲು ಕತ್ತರ್ಸೋನು ಈ ತುದೀಲಿ, ಕೂದ್ಲು ಆ ತುದೀಲಿ!" ಅಜ್ಜಿ ಪಿಸುಗುಟ್ಟಿದಳು.

"ಇಳಿದು ಆಟೋ ಹತ್ಲಾ?" ಹೇಮಕ್ಕನ ಫೋನು.

"ಒಂದೇ ಗಾಡಿ ಅಂತ ಹರಕೆ ಕಣೇ, ಕಾಲು ಕೆಳಗಿಡಬೇಡ!" ಅಣ್ಣ ಕಿರುಚಿದ. "ಪಾಪೂನ ಮುಂದಿನ ಸೀಟಿಗೆ ಕೊಡು! ಅವರು ಅವರ ಮುಂದಿನವರಿಗೆ ಕೊಡ್ಲಿ!"

ದಾರಿಯುದ್ದಕ್ಕೂ ಇದು ಸೀರೆ ಅಂಗಡಿಯ ಉಚಿತ ಬಸ್ಸೆಂದುಕೊಂಡು ಜನ ಹತ್ತಿ ಕೂತಿದ್ದರು. ಮಗು ಕೈಯಿಂದ ಕೈಗೆ ಹೊರಟಿತು. ನಮ್ಮೂರಿನವರ ಕೈಗೆ ಮಗು ಸಿಕ್ಕರೆ ಸುಮ್ಮನೆ ದಾಟಿಸುತ್ತಾರೆಯೇ? ಒಬ್ಬರು ಬಾಳೆಹಣ್ಣು ತಿನ್ನಿಸಿದರು, ಒಬ್ಬರು ಕೆನ್ನೆಗೆ ಕಾಡಿಗೆ ಇಟ್ಟರು. ಅಮ್ಮ ಚಿತ್ರಾನ್ನ ಬಡಿಸುತ್ತಿದ್ದವಳು ಒಂದು ತುತ್ತು ಕೊಟ್ಟು ದಾಟಿಸಿದಳು. ಹಿಂದೆಯೇ ಹೇಮಕ್ಕ ಸಾವಿರಾರು ಮಡಿಲು ಹತ್ತಿ ಇಳಿದು, "ತಪ್ಪು ತಿಳ್ಕೋಬೇಡಿ, ತಪ್ಪು ತಿಳ್ಕೋಬೇಡಿ" ಎನ್ನುತ್ತಾ ಓಡಿ ಬಂದಳು.

ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಪಾಪು ನನ್ನ ಮಡಿಲಿಗೆ ಬಂದಿಳಿದ. ನೋಡಿದರೆ, ತಲೆಗೆ ಎರಡು ಜಡೆ! ತುದಿಗೆ ಕೆಂಪು ರಿಬ್ಬನ್ನು, ಮೇಲೆ ಒಂದು ಮೊಳ ಕನಕಾಂಬರ! ಹುಟ್ಟಿದ ಮೇಲೆ ಮೊದಲ ಸಲ ಅವನ ಎರಡು ಕಣ್ಣೂ ಒಟ್ಟಿಗೆ ಕಾಣುತ್ತಿದ್ದವು.

"ಎಷ್ಟು ಚೆಂದ ಇದೆ, ಹೀಗೇ ಬಿಟ್ಬಿಡೋಣ್ವಾ?" ಎಂದೆ.

"ಬಾಯಿ ಮುಚ್ಚೇ!" ಎಂದರು ಅಣ್ಣ, ಅಜ್ಜಿ, ಹೇಮಕ್ಕ ಮೂವರೂ ಒಟ್ಟಿಗೆ.

ಅಣ್ಣ ಕತ್ತರಿ ಹಿಡಿದು, ರಿಬ್ಬನ್ನಿನ ಸಮೇತ ಮೊದಲ ಕುಚ್ಚು ಕತ್ತರಿಸಿದ. ಉಳಿದದ್ದನ್ನು ಕ್ಷೌರದವರು ನಾಲ್ಕೇ ನಿಮಿಷದಲ್ಲಿ ಬೋಳಿಸಿದರು. ಪೂಜಾರಪ್ಪ ನಮಗಾಗಿ ಬಾಗಿಲನ್ನು ಅಷ್ಟು ಹೊತ್ತು ಹಿಡಿದೇ ನಿಂತಿದ್ದರು. ಅಜ್ಜಿ ಕೈಮುಗಿದಳು. ಹೇಮಕ್ಕ ಮಗನ ನುಣ್ಣನೆಯ ತಲೆಗೆ ಮುತ್ತಿಟ್ಟು, ಅಳುತ್ತಲೇ ನಕ್ಕಳು.

ಕ್ಷೌರದವರು ಕತ್ತಿ ಒರೆಸಿಕೊಂಡು, ತಿಪಟೂರಿನವರೆಗೆ ಹಬ್ಬಿದ್ದ ಗಾಡಿಯ ಕಿಟಕಿಗಳಿಂದ ಇಣುಕುತ್ತಿದ್ದ ತಲೆಗಳನ್ನು ಒಂದೊಂದಾಗಿ ನೋಡಿದರು. ಅಂಗಿಯ ತೋಳು ಮಡಿಸಿಕೊಂಡು ಕೇಳಿದರು:

"ಮುಂದಿನ ತಲೆ ಯಾರ್ದು ಸ್ವಾಮಿ?"