ಅಜ್ಜನಿಗೆ ಹಿಡಿಸದ ಹೊಸ ಸಪ್ಪಳ

ನಿಮ್ಮ ಅಜ್ಜನಿಗೆ ಸಂಗೀತ ತಿಳಿಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಬೇಡಿ ಮಕ್ಕಳೇ. ಸಂಗೀತ ಒಂದೇ ಏಕೆ, ಅಡುಗೆ, ರಾಜಕೀಯ, ಹೋಮಿಯೋಪತಿ, ಸೀರೆಯ ಬಣ್ಣ, ಯಾವುದೂ ಅವರಿಗೆ ತಿಳಿಯುತ್ತಿರಲಿಲ್ಲ! ಆದರೆ ಅವರ ಅಭಿಪ್ರಾಯವಿಲ್ಲದ ವಿಷಯ ಒಂದಾದರೂ ಇತ್ತೇ? ಉಪ್ಪಿಟ್ಟನ್ನು ಬಾಯಿಗೆ ಇಡುವ ಮೊದಲೇ “ಉಪ್ಪು ಕಮ್ಮಿ” ಎನ್ನುವರು. ತಟ್ಟೆ ಬಳಿದು ತಿಂದ ಮೇಲೆ “ನಾ ಹೇಳಿರ್ಲಿಲ್ಲಾ?” ಎನ್ನುವರು. ಉಪ್ಪು ಸರಿಯಾಗಿದ್ದರೂ!

ಅವರು ಗೂಡ್ಸ್ ಗಾಡಿಯ ಡ್ರೈವರ್. ಎಂಬತ್ತರ ದಶಕದಲ್ಲಿ ನಾವು ನಾಗಪುರದ ಅಜನಿಯ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ರಾತ್ರಿಯೆಲ್ಲ ಉಮರೇಡ್ ಕಡೆಯ ಕಲ್ಲಿದ್ದಲು ಎಳೆದು, ಬೆಳಗ್ಗೆ ಮನೆಗೆ ಬಂದು ಮಲಗಬೇಕು. ಮಲಗುವ ಕೋಣೆಯ ಗೋಡೆಯಾಚೆಗೇ ಮನೆ ಮಾಲೀಕರ ಗ್ಯಾರೇಜು. ಕಾರು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ಬೇಸಿಗೆ ರಜೆ ಬಂದದ್ದೇ ತಡ, ಮೂವರು ಹುಡುಗರು ಅದರೊಳಗೆ ಬ್ಯಾಂಡು ಕಟ್ಟಿದರು. ಮಾಲೀಕರ ಮಗನದು ಡ್ರಮ್ಮು. ಕಾಮ್‌ಠಿಯಲ್ಲಿದ್ದ ನಮ್ಮ ಕಡೆಯ ಮಿಲಿಟರಿ ಸುಬೇದಾರರ ಮಗನದು ಹಾಡು. ಕರೆಂಟಿನ ಗಿಟಾರು ಯಾರದು? ಈಗ ನೀವು ಟಿವಿ ಸಪ್ಪಳ ಸ್ವಲ್ಪ ಏರಿಸಿದರೆ ಬೈಯುತ್ತಾನಲ್ಲ, ಆ ನಿಮ್ಮಪ್ಪನದು!

ಬ್ಯಾಂಡಿನ ಹೆಸರು ‘ದಿ ಬ್ಲ್ಯಾಕ್ ಆರೆಂಜಸ್’ ಎಂದು ನಿಮ್ಮಪ್ಪ ಎದೆಯುಬ್ಬಿಸಿ ಹೇಳಿದ.

“ಅಂದ್ರ?” ಎಂದರು ಅಜ್ಜ.

“ಕರಿ ಸಂತ್ರಾ, ಅಪ್ಪಾ.”

“ಸಂತ್ರಾ ಕರ್ರಗಾತಂದ್ರ ಕೊಳತೈತಿ ಅಂತ ಅರ್ಥ. ಬರೋಬರ್ ಹೆಸರಿಟ್ಟೀರಿ!”

ಹೆಸರಿಗೆ ತಕ್ಕ ಹಾಗೆಯೇ ಇತ್ತು ಬಿಡಿ ಸಂಗೀತ. ಮೊದಲ ದಿನ ಅವರು ಬಾರಿಸಿದ ಹೊಡೆತಕ್ಕೆ ಗೋಡೆಯ ಸುಣ್ಣ ಉದುರಿ ನನ್ನ ಮೊರದ ಅಕ್ಕಿಗೆ ಬಿತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳ ತಾನಾಗಿಯೇ ಕುಣಿಯಿತು. ಅಜ್ಜ ಲುಂಗಿ ಮೇಲೆತ್ತಿ ಕಟ್ಟಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಅಭಿಪ್ರಾಯ ಕೊಟ್ಟರು: “ವ್ಯಾಗನ್ ಶಂಟಿಂಗ್ ಮಾಡೋವಾಗ್ಲೂ ಇಷ್ಟು ಹೊಲಸ ಸಪ್ಪಳ ಕೇಳಿಲ್ಲ. ಈ ಸುಬೇದಾರನ ಮಗ ಯಾಕ ಹಂಗ ಒದರತಾನ? ಹಲ್ಲು ಕೀಳಾಕತ್ತೀರೇನು?”

ಬಂದು ಎರಡು ತಲೆದಿಂಬುಗಳ ನಡುವೆ ತಲೆ ಸೇರಿಸಿ ಮಲಗುವರು. ಮತ್ತೊಂದು ಹಾಡು ಶುರುವಾದರೆ ಮತ್ತೆ ಲುಂಗಿ, ಮತ್ತೆ ಬಾಗಿಲು, ಮತ್ತೆ ಅಭಿಪ್ರಾಯ. ಬರಬರುತ್ತ ಹುಡುಗರಿಗೂ ಅದು ರೂಢಿಯಾಯಿತು. ಹಾಡು ಮುಗಿದೊಡನೆ ಮೂವರೂ ಬಾಗಿಲ ಕಡೆ ನೋಡುವರು. ಅಜ್ಜ ಬೈಯಲು ಬರಲಿಲ್ಲವೆಂದರೆ ಆ ಹಾಡಿನಲ್ಲಿ ದಮ್ಮಿಲ್ಲ ಎಂದರ್ಥ!

ಹೀಗಿರುವಾಗ ಒಂದು ದಿನ ಊಟಕ್ಕೆ ಕುಳಿತ ಅಜ್ಜ ನಗುತ್ತ ಹೇಳಿದರು: “ನಿನ್ನಿ ಮಜಾ ಆತು. ಇಂಜಿನ್ನಿನ್ಯಾಗ ಕಣ್ಣು ಹಂಗ ಮುಚ್ಚಿಬಿಟ್ಟಾವ. ಮುಂದ ಸಿಗ್ನಲ್ ಕೆಂಪು! ಅಸಿಸ್ಟಂಟ್ ತಿವಿದ, ಬ್ರೇಕ್ ಹಾಕಿದೆ. ಇಲ್ಲಾಂದ್ರ ಇವತ್ತ ಈ ಬದನೀಕಾಯಿ ಪಲ್ಯಾ ಯಾರಿಗೆ ಮಾಡ್ತಿದ್ದಿ?”

ತಮ್ಮ ಜೋಕಿಗೆ ತಾವೇ ನಕ್ಕರು. ನಿಮ್ಮಪ್ಪ ಅರ್ಧ ಊಟಕ್ಕೇ ಎದ್ದು ಹೋದ.

ಆ ವಾರವೇ ಕರಿ ಸಂತ್ರಾಗಳ ಸಪ್ಪಳ ಬದಲಾಯಿತು. ಡ್ರಮ್ಮಿನ ಮೇಲೆ ಕೌದಿ ಬಿತ್ತು. ಗಿಟಾರಿನ ಕರೆಂಟು ಹೋಯಿತು. ಒದರುತ್ತಿದ್ದ ಸುಬೇದಾರರ ಮಗ ತೊಟ್ಟಿಲ ಮುಂದೆ ಕುಳಿತವನಂತೆ ಗುನುಗತೊಡಗಿದ.

ಅಯ್ಯೋ, ಗಲ್ಲಿಗೆ ಗಲ್ಲಿಯೇ ಸಂಗೀತ ಪಂಡಿತರಾದ ಚಂದವನ್ನು ನೀವು ನೋಡಬೇಕಿತ್ತು! ಮಾಲೀಕರ ಹೆಂಡತಿ ಕಾಕೂ, ಗ್ಯಾರೇಜಿಗೆ ಬೀಗ ಜಡಿಯುತ್ತೇನೆಂದು ಹೆದರಿಸುತ್ತಿದ್ದವಳು, “ಆತಾ ಕಸಂ ಗೋಡ್ ವಾಟತಂ!” ಎಂದು ಕಣ್ಣು ಮುಚ್ಚಿ ತಲೆದೂಗಿದಳು. ಈಗ ಎಷ್ಟು ಸಿಹಿಯಂತೆ! ಭಾನುವಾರ ಬಂದ ಸುಬೇದಾರರು ಮೀಸೆ ತಿರುವಿ, “ಮೊದ್ಲು ಲಡಾಯಿ ಇದ್ದಂಗ ಇತ್ರಿ, ಈಗ ಪೆನ್ಶನ್ ಇದ್ದಂಗ ಐತಿ” ಎಂದರು. ಪಾನ್ ಅಂಗಡಿಯ ಕಾಲೇಜು ಹುಡುಗರು “ಬಿಕ್ ಗಯೇ ಸಾಲೇ!” ಎಂದು ಉಗುಳಿದರು, ದುಡ್ಡಿಗೆ ಮಾರಿಕೊಂಡರಂತೆ! ಇತವಾರಿ ಪೇಟೆಯ ಬಟ್ಟೆ ಸೇಠ್ ಒಬ್ಬ ಮಗಳ ಮದುವೆಗೆ ಕರೆದಿದ್ದಾನೆ, ಅದಕ್ಕೇ ಈ ಸಕ್ಕರೆ ಪಾಕ ಎಂದು ಸುದ್ದಿ. ಯಾವ ಸೇಠ್, ಯಾವ ಮಗಳು? ಕೇಳಿದರೆ ಯಾರಿಗೂ ಗೊತ್ತಿಲ್ಲ!

ಅಜ್ಜನಾದರೂ ಇನ್ನು ಹಾಯಾಗಿ ಮಲಗಬೇಕಷ್ಟೆ? ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದೇ ಅವರಿಗೆ! “ಇದೇನು ಹಾಡೋ, ನೆಗಡಿ ಬಂದ ಬೆಕ್ಕೋ? ಮೊದ್ಲ ಕೊಳತ ಸಂತ್ರಾ ಆದ್ರೂ ಇತ್ತು, ಈಗ ಬರೇ ಸಿಪ್ಪಿ!” ನಿದ್ದೆ ಬಿಟ್ಟು ಗೋಡೆಗೆ ಕಿವಿ ಹಚ್ಚಿ ತಪ್ಪು ಹುಡುಕುವರು. ಪಾನ್ ಅಂಗಡಿಗೆ ಹೋಗಿ ಹಳೆಯ ಸಪ್ಪಳದ ಹಿರಿಮೆಯನ್ನು ಕಾಲೇಜು ಹುಡುಗರಿಗೆ ಬೋಧಿಸುವರು. ಒಮ್ಮೆ ನನ್ನನ್ನೇ ಕೇಳಿದರು, “ಆ ಮೂರನೇ ಹಾಡಿನ ನಡುವ ಒಮ್ಮೆಲೆ ನಿಂತು, ಆಮ್ಯಾಲ ಢಣ್ ಅಂತ ಬರ್ತಿತ್ತಲ್ಲ, ಅದೆಲ್ಲಿ ಹೋತು?”

ಮೂರನೇ ಹಾಡಂತೆ! ತಲೆದಿಂಬಿನೊಳಗಿನಿಂದ ಇವರು ಎಣಿಸಿದ್ದು ಯಾವಾಗ?

ಕೊನೆಗೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮಪ್ಪನ ಮೇಲೇ ಬಿದ್ದರು. “ಏನಲೇ, ಯಾವನೋ ಸೇಠ ಕರದಾನಂತ ಬಾಲ ಅಳ್ಳಾಡಸ್ತಿ? ಗಲ್ಲಿ ತುಂಬ ನಿಮ್ಮನ್ನ ಆಡಿಕೊಂಡು ನಗಾಕತ್ತಾರ. ಯಾರಿಗೆ ಅಂಜಿ ಸಪ್ಪಳ ಸಣ್ಣ ಮಾಡೀರಿ?”

“ನಿಮಗ!” ಎಂದ ನಿಮ್ಮಪ್ಪ. “ನೀವು ಮಲಗ್ಲಿ ಅಂತ. ಸಿಗ್ನಲ್ ಕೆಂಪಿತ್ತು ಅಂದ್ರಲ್ಲ, ಅಪ್ಪಾ.”

ಅಜ್ಜ ಬಾಯಿ ತೆರೆದರು. ಅಭಿಪ್ರಾಯ ಬರಲಿಲ್ಲ. ಮದುವೆಯಾದಾಗಿನಿಂದ ನಾನು ಕಂಡ ಮೊದಲ ಪವಾಡ ಅದು. ತಲೆ ತಗ್ಗಿಸಿ ಊಟ ಮುಗಿಸಿ ಕೈ ತೊಳೆದರು.

ಮರುದಿನ ಬೆಳಗ್ಗೆ ಡ್ಯೂಟಿಯಿಂದ ಬಂದವರು ಕೈಕಾಲು ತೊಳೆದು, ಚಾಪೆ ದಿಂಬು ಬಗಲಲ್ಲಿಟ್ಟುಕೊಂಡು ನೇರ ಗ್ಯಾರೇಜಿಗೆ ಹೋದರು. ನಾನು ಚಹಾ ಹಿಡಿದು ಹಿಂದೆ ಹೋದೆ. ಡ್ರಮ್ಮಿನ ಪಕ್ಕದಲ್ಲೇ ಚಾಪೆ ಹಾಸಿದರು.

“ಆ ಕೌದಿ ತಗೀರಿ. ಹಳೇದು ಬಾರಸ್ರಿ.”

“ನಿಮ್ಮ ನಿದ್ದಿ, ಅಪ್ಪಾ?”

“ಜನ್ಮೆಲ್ಲ ಇಂಜಿನ್ನಿನ್ಯಾಗ ಕಳದಾಂವಗ ಸಪ್ಪಳ ಇಲ್ಲಾಂದ್ರನ ನಿದ್ದಿ ಬರೂದಿಲ್ಲ. ನಿಂದರಿಸಿದ್ರ ಎಚ್ಚರಾಗತೈತಿ, ನೋಡು ಮತ್ತ!”

ಶುದ್ಧ ಸುಳ್ಳು! ನಲ್ಲಿಯ ಹನಿ ತೊಟ್ಟಿಕ್ಕಿದರೂ ಎದ್ದು ಕೂರುವ ಮನುಷ್ಯ! ಆದರೆ ಹುಡುಗರು ನಂಬಿದರು. ಹಳೆಯ ಹಾಡು ಗ್ಯಾರೇಜಿನ ತಗಡು ಹಾರುವಂತೆ ಎದ್ದಿತು. ಅಜ್ಜ ಕಣ್ಣು ಮುಚ್ಚಿ ಗೊರಕೆ ಹೊಡೆದರು. ಅದೆಂಥ ಗೊರಕೆ! ಬಾಯಿ ಗೊರಕೆ ಹೊಡೆಯುತ್ತಿದ್ದರೆ, ಬಲಗಾಲಿನ ಹೆಬ್ಬೆರಳು ಡ್ರಮ್ಮಿಗೆ ಸರಿಯಾಗಿ ತಾಳ ಹಾಕುತ್ತಿತ್ತು. ಮೂರನೇ ಹಾಡಿನ ನಡುವೆ ಸಪ್ಪಳ ನಿಂತಾಗ ಅದೂ ನಿಂತಿತು. ಢಣ್ ಎಂದಾಗ ಅದೂ ಎದ್ದಿತು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

ನಾಲ್ಕನೇ ಹಾಡಿಗೆ ಹೆಬ್ಬೆರಳು ತಾಳ ತಪ್ಪಿತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಗೊರಕೆಯೂ ಇಲ್ಲ, ತುಟಿ ಸಡಿಲಿ, ಉಸಿರು ಉದ್ದವಾಗಿ ಬರುತ್ತಿತ್ತು. ನಿಮ್ಮಪ್ಪ ಗಿಟಾರು ಬಾರಿಸುತ್ತಲೇ ಬಗ್ಗಿ ನೋಡಿದ, ಗೆಳೆಯರ ಕಡೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದ: ನಿಲ್ಲಿಸಬೇಡಿ. ಅವನ ಕೆನ್ನೆ ಒದ್ದೆಯಾಗಿತ್ತು. ಹುಡುಗರು ನಿಲ್ಲಿಸಲಿಲ್ಲ. ಮುಗಿದ ಹಾಡನ್ನೇ ಮತ್ತೆ ಹಿಡಿದರು, ಬೆರಳು ಕೆಂಪಾದರೂ ಹಿಡಿದರು.

ಊಟದ ಹೊತ್ತಿಗೆ ಕಾಕೂ ಲಟ್ಟಣಿಗೆ ಹಿಡಿದು ಗುಡುಗುತ್ತ ಬಂದಳು. ಆ ಗಲ್ಲಿಯಲ್ಲಿ ಅಷ್ಟು ವರ್ಷವಿದ್ದೂ ನಾನು ಯಾರಿಗೂ ಎದುರಾಡಿದವಳಲ್ಲ. ಮರಾಠಿಯಂತೂ ಗಂಟಲಿನಿಂದ ಹೊರಗೇ ಬರುತ್ತಿರಲಿಲ್ಲ. ಅವತ್ತು ಬಾಗಿಲಿಗೆ ಅಡ್ಡ ನಿಂತೆ. ಗೋಡೆ ಅದುರುವ ಆ ಡ್ರಮ್ಮಿನ ನಡುವೆ ತುಟಿಗೆ ಬೆರಳಿಟ್ಟು ಅವಳಿಗೆ ಮೆಲ್ಲಗೆ ಹೇಳಿದೆ:

“ಶ್ಶ್! ಕಾಕೂ, ಝೋಪಲೇತ್.” ಮಲಗಿದ್ದಾರೆ.