ಸಾಯೋ ಅಪ್ಪನಿಗೆ ಅಫಜಲಪುರದಲ್ಲಿ ಸನ್ಮಾನ

ಎಂಬತ್ತರ ದಶಕದಲ್ಲಿ ನಾನು ಅಫಜಲಪುರದಲ್ಲಿ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದೆ. ಕಂಡದ್ದನ್ನಷ್ಟೇ ಬರೆಯುವುದು, ಕೇಳಿದ್ದನ್ನು ಇಬ್ಬರಲ್ಲಿ ವಿಚಾರಿಸಿ ಬರೆಯುವುದು, ಗೊತ್ತಿಲ್ಲದ್ದನ್ನು ಬರೆಯದಿರುವುದು, ಇದು ನನ್ನ ವೃತ್ತಿಧರ್ಮ. ಇಷ್ಟು ಶಿಸ್ತಿನ ಮನುಷ್ಯ ಒಂದು ಸಿನಿಮಾ ತೋರಿಸುವಲ್ಲಿ ತಪ್ಪುವುದುಂಟೇ? ಸಾಧ್ಯವಿಲ್ಲವೆಂದೇ ನಂಬಿದ್ದೆ.

ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ತಂದೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟರೊಬ್ಬರಿದ್ದರು. ಅವರ ಹೆಸರು ನಮ್ಮೂರಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವರು ‘ಸಾಯೋ ಅಪ್ಪ’. ಯಾವ ಚಿತ್ರವಾದರೂ ಸರಿ, ಇಂಟರ್‌ವಲ್ಲಿಗೆ ಮುಂಚೆ ಅವರು ಕಡ್ಡಾಯವಾಗಿ ಸಾಯುತ್ತಿದ್ದರು! ನಾನು ಅವರ ಪರಮ ಅಭಿಮಾನಿ. ನಾಯಕ ಇಡೀ ತೋಟ ಸುತ್ತಿ ಹಾಡಿದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈ ಮನುಷ್ಯ ಹೆಗಲ ಮೇಲಿನ ಟವಲು ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರೆ ಸಾಕು, ಆ ಮನೆಯ ಬಡತನವೆಲ್ಲ ಕಣ್ಣಿಗೆ ಕಟ್ಟುತ್ತಿತ್ತು.

ಅವರು ಗಾಣಗಾಪುರಕ್ಕೆ ದರ್ಶನಕ್ಕೆ ಬಂದಿದ್ದಾರೆಂಬ ಸುದ್ದಿ ಬಂತು. ಇಬ್ಬರಲ್ಲಿ ವಿಚಾರಿಸಿ, ಚೌಡಾಪುರದ ಚಹಾ ಹೋಟೆಲಿನಲ್ಲಿ ಅವರನ್ನು ಹಿಡಿದೆ. “ನಾಡಿದ್ದು ನಮ್ಮೂರ ಟಾಕೀಸಿನಲ್ಲಿ ನಿಮ್ಮ ಚಿತ್ರ ಹಾಕಿಸುತ್ತೇನೆ. ಸನ್ಮಾನವೂ ಆಗಬೇಕು” ಎಂದೆ.

ಅವರು ಬಟ್ಟಲಿನ ಚಹಾ ಆರಿಸುತ್ತ ಮೆಲ್ಲಗೆ ಹೇಳಿದರು: “ಬರ್ತೀನಪ್ಪ. ಆದರೆ ಒಂದು ಮಾತು. ನಾನು ಸಾಯೋ ಹೊತ್ತಿಗೆ ಸರಿಯಾಗಿ ಜನ ಬೀಡಿ ಸೇದೋಕೆ ಎದ್ದು ಹೋಗ್ತಾರೆ. ಇಂಟರ್‌ವಲ್ ಹತ್ತಿರ ಬಂತು ಅಂತ ಅವರಿಗೆ ಗೊತ್ತಾಗೋದೇ ನನ್ನ ಕೆಮ್ಮಿನಿಂದ. ಒಂದು ಸಲವಾದರೂ ತುಂಬಿದ ಥಿಯೇಟರಿನಲ್ಲಿ ಸಾಯಬೇಕು ಅಂತ ಆಸೆ.”

“ಒಬ್ಬನೂ ಏಳುವುದಿಲ್ಲ. ಇದು ನನ್ನ ಮಾತು!” ಎಂದೆ. ಸುತ್ತ ಹತ್ತು ಜನ ಕೇಳಿಸಿಕೊಂಡರು. ಮಾನ ಒತ್ತೆಗೆ ಬಿತ್ತು.

ಜೇವರ್ಗಿಯಲ್ಲಿ ಓಡುತ್ತಿದ್ದ ಅವರ ಹಳೆಯ ಚಿತ್ರವೊಂದನ್ನು ಒಂದು ಮ್ಯಾಟಿನಿಯ ಮಟ್ಟಿಗೆ ಬೇಡಿ, ಹದಿನಾಲ್ಕು ರೀಲಿನ ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಿ ತಂದೆ. ಧೂಳು ಒಂದು ಬೆರಳು ದಪ್ಪ ಕೂತಿತ್ತು. ಮಹಾನ್ ಕಲಾವಿದ ಬರುವಾಗ ಇದು ತರವೇ? ಒದ್ದೆ ಬಟ್ಟೆಯಿಂದ ಡಬ್ಬಿಗಳನ್ನೆಲ್ಲ ತಿಕ್ಕಿ ಒರೆಸಿದೆ. ಹೆಂಡತಿ ಗುರುಬಾಯಿ ತಂದುಕೊಟ್ಟ ವಿಭೂತಿಯಿಂದ ಪ್ರತಿಯೊಂದಕ್ಕೂ ಮೂರು ಗೆರೆ ಎಳೆದೆ. ಊದುಬತ್ತಿ ಬೆಳಗಿದೆ. ಕಾಯಿ ಒಡೆದೆ.

ಆಪರೇಟರ್ ಮಹಿಬೂಬಸಾಬ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. “ಪೇಪರ್ ಸಾಹೇಬ್ರ, ಡಬ್ಬಿ ಮ್ಯಾಲ ಸೀಮೆಸುಣ್ಣದಾಗ ನಂಬರ್ ಬರದಿತ್ತಲ್ರಿ, ಎಲ್ಲಿ ಹೋತು?”

“ಒರೆಸಿದೆ.”

“ಯಾ ಅಲ್ಲಾ! ರೀಲಿನ ತುದಿಗಿದ್ದ ನಂಬರು, ಹೆಸರು, ಶುಭಂ ಎಲ್ಲಾ ಹರದು ಹೋಗ್ಯಾವ್ರಿ. ಒಂದನೇದು ಯಾವುದು, ಹತ್ತನೇದು ಯಾವುದು? ಎಲ್ಲಾ ಡಬ್ಬಿ ಒಂದೇ ಮಠದ ಸ್ವಾಮಿಗೋಳಂಗ ಕುಂತಾವಲ್ರಿ!”

ನಾನು ಧೃತಿಗೆಡಲಿಲ್ಲ. “ಈ ಚಿತ್ರ ಏಳು ಸಲ ನೋಡಿದ್ದೇನೆ. ನಾನು ಹೇಳಿದ ಹಾಗೆ ಜೋಡಿಸು” ಎಂದೆ.

ಫಿಲಮ್ಮನ್ನು ಬಿಸಿಲಿಗೆ ಹಿಡಿದು ಪರಿಶೀಲಿಸಿದೆ. ಒಂದರಲ್ಲಿ ಅಪ್ಪ ಹೊರಸಿನ ಮೇಲೆ ಮಲಗಿದ್ದರು. ಇನ್ನೂ ಎದ್ದಿಲ್ಲ, ಬೆಳಗಿನ ಹೊತ್ತು. ಆದ್ದರಿಂದ ಅದು ಮೊದಲನೆಯದು! ಇನ್ನೊಂದರಲ್ಲಿ ತೊಟ್ಟಿಲು ತೂಗುತ್ತಿದ್ದರು. ಮೊಮ್ಮಗ ಹುಟ್ಟಿದ್ದಾನೆ. ಆದ್ದರಿಂದ ಅದು ಕೊನೆಯದು! ಉಳಿದವನ್ನೂ ಇದೇ ತರ್ಕಬದ್ಧ ಕ್ರಮದಲ್ಲಿ ಜೋಡಿಸಿದೆ. ವರದಿಗಾರನ ಕಣ್ಣು ಎಂದರೆ ಸುಮ್ಮನೆಯೇ?

ಮ್ಯಾಟಿನಿಗೆ ತಗಡಿನ ಟಾಕೀಸು ಕಿಕ್ಕಿರಿಯಿತು. ಹಿರಿಯರು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ನಾನು. ದೀಪ ಆರಿತು. ಪರದೆಯ ಮೇಲೆ ಹೊರಸು, ಮಲಗಿದ ಅಪ್ಪ. ಈಗ ಏಳುತ್ತಾರೆ ಎಂದು ಕಾದೆ.

ಅವರು ಕೆಮ್ಮಿದರು. ಎದೆ ಹಿಡಿದರು. ಮಗನ ಕೈಯಲ್ಲಿ ಮಗಳ ಕೈ ಇಟ್ಟರು. ಸತ್ತರು!

ನನ್ನ ಜೀವವೂ ಹೋಯಿತು. ತಿರುಗಿ ನೋಡಿದೆ. ಒಬ್ಬನೂ ಎದ್ದಿರಲಿಲ್ಲ. ಏಳುವುದೆಲ್ಲಿ? ಈಗಷ್ಟೇ ಕೂತಿದ್ದರು! ಹೆಣ್ಣುಮಕ್ಕಳ ಕಡೆಯಿಂದ ಮೂಗು ಸೀಟುವ ಶಬ್ದ ಬಂತು. ಗಂಡಸರು ಬೀಡಿ ಹಚ್ಚುವುದನ್ನೇ ಮರೆತು ನೋಡುತ್ತಿದ್ದರು. ಪಕ್ಕದಲ್ಲಿ ಹಿರಿಯರು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದರು.

ಎರಡನೆಯ ರೀಲಿನಲ್ಲಿ ಅಪ್ಪ ಕೋಲೂರಿಕೊಂಡು ಮನೆಯೊಳಗೆ ಬಂದರು. ಟಾಕೀಸಿನ ತಗಡು ಹಾರಿಹೋಗುವಂತೆ ಸೀಟಿ!

“ಸಾಯೋ ಅಪ್ಪ ಎದ್ದು ಬಂದಾನಲೇ!”

“ಗಾಣಗಾಪುರಕ್ಕ ಹೋಗಿ ಬಂದಾರಲ್ಲೋ, ಅದರ ಮಹಿಮಾ!”

ನಾಯಕ ಮೊದಲು ಮದುವೆಯಾಗಿ ಆಮೇಲೆ ಶಾಲೆಗೆ ಸೇರಿದ. ಖಳನಾಯಕ ಜೈಲಿನಿಂದ ಬಂದು ಕಳ್ಳತನ ಮಾಡಿದ.

“ಕತಿ ತಿಳಿಯಾಕತ್ತೈತೇನೋ?” ಎಂದು ಹಿಂದಿನ ಸಾಲಿನಲ್ಲೊಬ್ಬ ಕೇಳಿದ.

“ಕತಿ ತಗೊಂಡು ಏನ್ ಮಾಡ್ತಿ? ಅಪ್ಪ ಜೀವಂತ ಅದಾನಿಲ್ಲೋ, ಸುಮ್ಮ ನೋಡು!”

ಕೊನೆಯ ರೀಲಿನಲ್ಲಿ ಅಪ್ಪ ತೊಟ್ಟಿಲು ತೂಗಿ ನಕ್ಕರು. ದೀಪ ಹತ್ತಿತು. ಇಡೀ ಟಾಕೀಸು ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಹಿರಿಯರು ಕಣ್ಣೊರೆಸಿಕೊಂಡು ಜನರ ಮುಂದೆ ನಿಂತರು. “ಎಷ್ಟೋ ನಿರ್ದೇಶಕರ ಕೈಯಲ್ಲಿ ಸತ್ತಿದ್ದೇನೆ. ನಾನು ಸಾಯುವುದನ್ನು ಎಲ್ಲರೂ ನೋಡುವ ಹಾಗೆ ಮಾಡಿ, ಆಮೇಲೆ ಶುಭಂವರೆಗೆ ಬದುಕಿಸಿದವರು ಇವರೊಬ್ಬರೇ” ಎಂದು, ಸನ್ಮಾನಕ್ಕೆಂದು ನಾನು ಹಾಕಿದ್ದ ಶಾಲನ್ನು ತೆಗೆದು ನನಗೇ ಹೊದಿಸಿದರು. ಜನ ನನ್ನನ್ನು ಹೆಗಲ ಮೇಲೆ ಎತ್ತಿದರು. ಅಫಜಲಪುರದ ಇತಿಹಾಸದಲ್ಲಿ ಪತ್ರಕರ್ತನೊಬ್ಬನನ್ನು ಜನ ಎತ್ತಿದ್ದು, ಹೊಡೆಯುವ ಉದ್ದೇಶವಿಲ್ಲದೆ, ಅದೇ ಮೊದಲು!

ಮನೆಗೆ ಬಂದು ಶಾಲು ಹೊದ್ದುಕೊಂಡೇ ವರದಿ ಬರೆಯಲು ಕೂತೆ. ಗುರುಬಾಯಿ ಚಹಾ ತಂದಿಟ್ಟಳು.

“ಒಂದು ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಏಳು ಸಲ ನೋಡೇನಿ ಅಂತೀರಿ. ಮಲಗಿದ್ದು ಯಾವುದು, ಸಾಯೋದು ಯಾವುದು ಗೊತ್ತಾಗಲಿಲ್ಲೇನ್ರಿ?”

ಪ್ರಶ್ನೆ ನ್ಯಾಯವಾಗಿತ್ತು. ಕೆಮ್ಮು ಶುರುವಾಗುವುದು ನನಗೆ ಗೊತ್ತು. ಆಮೇಲಿನ ಹೊರಸು, ಸಾವು ಮಾತ್ರ ನಾನು ಇವತ್ತೇ ಮೊದಲ ಸಲ ಕಂಡದ್ದು. ಏಳು ಸಲವೂ ಆ ಕೆಮ್ಮು ಕೇಳುತ್ತಲೇ ಎಲ್ಲರಿಗಿಂತ ಮುಂಚೆ ಎದ್ದು ಹೊರಗೆ ಬೀಡಿ ಹಚ್ಚುತ್ತಿದ್ದವನು ಈ ಪರಮ ಅಭಿಮಾನಿಯೇ!

ವರದಿಯಲ್ಲಿ ಈ ಸಂಗತಿಯನ್ನು ಸ್ಥಳಾಭಾವದಿಂದ ಕೈಬಿಡಲಾಯಿತು.